ಡೊರತಿ ಹ್ಯಾಸ್ಲಮ್‌ಳ ಕಾರು ಸೋರಿದ್ದೇಕೆ

ಓಫಾ ಫೋನುವಾ ಬಾಗಿಲು ತಟ್ಟಲಿಲ್ಲ. ಜಗಲಿಯ ಮೆಟ್ಟಿಲ ಕೆಳಗೆ, ಒಳಗಿನವರು ತಾವಾಗಿ ನೋಡಲಿ ಎಂದು ಬಿಸಿಲಿನಲ್ಲೇ ನಿಂತಿದ್ದಳು. ಸೊಳ್ಳೆಪರದೆಯ ಬಾಗಿಲಿಗೆ ಹೊಸ ಕೀಲು ಹಾಕುತ್ತ ಕುಳಿತಿದ್ದ ಕ್ಲೆಮ್ ನೋಲ್ ಅವಳನ್ನು ಕಂಡು ಒಳಗೆ ಕರೆದ. ದ್ರಾಕ್ಷಿ ತೋಟದ ಕೆಲಸದ ಬಟ್ಟೆಯಲ್ಲೇ ಬಂದಿದ್ದಳು. ಅದರ ಮೇಲೆ, ಟೋಂಗಾ ದ್ವೀಪದವರು ಹಿರಿಯರ ಮುಂದೆ ಹೋಗುವಾಗ ಸುತ್ತಿಕೊಳ್ಳುವ ಹೆಣೆದ ಸೊಂಟಪಟ್ಟಿ ಇತ್ತು.

ಐವಿ ಪಾಸ್ಕೊ ಕುರ್ಚಿ ತೋರಿಸಿದರೂ ಅವಳು ಕೂರಲಿಲ್ಲ.

"ಅಮ್ಮಾ, ನನ್ನ ಗಂಡನ್ನ ಈ ಊರಿನೋರೆಲ್ಲ ಸೇರಿ ಕ್ಷಮಿಸಿಬಿಟ್ಟಿದಾರೆ," ಅಂದಳು. "ಅದನ್ನ ಹೇಗಾದ್ರೂ ಮಾಡಿ ನಿಲ್ಸಿ."

ಐವಿ ಬಿಸಿ ಚಹಾದ ಬಟ್ಟಲನ್ನು ಕೆಳಗಿಟ್ಟಳು. ಮೆಲ್ಬರ್ನ್ ಪೊಲೀಸಿನ ಪತ್ತೇದಾರಿ ವಿಭಾಗದಲ್ಲಿ ಆಯುಷ್ಯ ಸವೆಸಿ, ನಿವೃತ್ತಳಾಗಿ ಮರ್ರೇ ನದಿಯ ದಡದ ಯರಂಬಾಕ್ಕೆ ಬಂದು ನೆಲೆಸಿದವಳು ಆಕೆ. ಕಣ್ಣು ಮಂಜಾಗಿ ಕಾರು ಓಡಿಸುವ ಪರವಾನಗಿ ಹೋಗಿತ್ತು. ಪಕ್ಕದ ಮನೆಯ ಕ್ಲೆಮ್, ಬಹಳ ಕಾಲ ಶಾಲಾ ಬಸ್ಸು ಓಡಿಸಿದವನು, ಈಗ ಆಕೆಗೆ ಸಾರಥಿ. ಊರಿನಲ್ಲಿ ಬೀಗ ಒಡೆದರೂ, ಕುರಿ ಕಳೆದರೂ, ಮದುವೆ ಮುರಿದರೂ ಜನ ಠಾಣೆಗಿಂತ ಮೊದಲು ಈ ಜಗಲಿಗೇ ಬರುತ್ತಿದ್ದರು. ಆದರೆ ಕ್ಷಮೆಯನ್ನು ನಿಲ್ಲಿಸಿ ಎಂದು ಕೇಳಿಕೊಂಡು ಬಂದವರು ಇವಳೇ ಮೊದಲು.

ನಡೆದದ್ದು ಊರಿಗೆಲ್ಲ ಗೊತ್ತಿದ್ದದ್ದೇ. ಓಫಾಳ ಗಂಡ ಸೆಮಿಸಿ, ವಾರ್ವಿಕ್ ಕೆಂಬ್ರಿಯ ಗ್ಯಾರೇಜಿನಲ್ಲಿ ಮೆಕ್ಯಾನಿಕ್. ಟೋಂಗಾದಿಂದ ಅವನನ್ನು ಕರೆಸಿ, ಕಾಗದಪತ್ರ ಮಾಡಿಸಿ, ಮನೆ ಹುಡುಕಿಕೊಟ್ಟವನು ಕೆಂಬ್ರಿಯೇ. ಊರಿನ ಡೊರತಿ ಹ್ಯಾಸ್ಲಮ್ ಎಂಬ ಮುದುಕಿಯ ಬಳಿ ಅವಳ ಗಂಡ ಬಿಟ್ಟುಹೋದ ಅರವತ್ತೇಳನೇ ಇಸವಿಯ ಫಾಲ್ಕನ್ ಕಾರು ಇತ್ತು. ಅದರ ಆಟೊಮ್ಯಾಟಿಕ್ ಗೇರ್‌ಬಾಕ್ಸಿನಿಂದ ಎಷ್ಟೋ ವರ್ಷಗಳಿಂದ ಕೆಂಪು ಎಣ್ಣೆ ಸೋರುತ್ತಿತ್ತು. ಹಳೆ ಕಾರುಗಳ ಸಂಘದ ಪಂಡಿತ ರಸೆಲ್ ಟಾಂಕಿನ್, ಆ ವಯಸ್ಸಿನ ಕಾರು ಸೋರುವುದೇ ಹಾಗೆ, ಕೆಳಗೊಂದು ತಟ್ಟೆ ಇಟ್ಟುಕೋ ಎಂದು ತೀರ್ಪು ಕೊಟ್ಟುಬಿಟ್ಟಿದ್ದ. ಸೆಮಿಸಿ ಒಪ್ಪಲಿಲ್ಲ. ಭಾನುವಾರ ಅವರಲ್ಲಿ ಕೆಲಸ ಮುಟ್ಟುವಂತಿಲ್ಲವಾದ್ದರಿಂದ ಶನಿವಾರಗಳಲ್ಲಿ ಡೊರತಿಯ ತಗಡಿನ ಶೆಡ್ಡಿನಲ್ಲಿ ಮಲಗಿ, ಗೇರ್‌ಬಾಕ್ಸ್ ಇಳಿಸಿ, ಎಣ್ಣೆ ಸೋರದಂತೆ ತಡೆಯುವ ರಬ್ಬರಿನ ಉಂಗುರಗಳನ್ನು, ಒಣಗಿ ಬಿಸ್ಕತ್ತಿನಂತಾಗಿದ್ದ ಹಳೆ ಆಯಿಲ್ ಸೀಲುಗಳನ್ನೆಲ್ಲ ತೆಗೆದು ಹೊಸವನ್ನು ಹಾಕಿದ. ಸೋರುವುದು ನಿಂತಿತು. ಆ ಕೆಲಸದಿಂದ ಬಂದ ಒಳ್ಳೆ ಹೆಸರನ್ನೇ ನೆಚ್ಚಿಕೊಂಡು, ಕಿತ್ತಳೆ ಹಣ್ಣು ತುಂಬುವ ಒಂದು ಹಳೆ ಶೆಡ್ಡನ್ನು ಹಿಡಿದು, ತನ್ನದೇ ಗ್ಯಾರೇಜ್ ತೆರೆಯಲು ಹೊರಟಿದ್ದ.

ಆಮೇಲೆ ಊರ ಹಬ್ಬದ ಮೆರವಣಿಗೆ ಬಂತು. ಸಾಲಾಗಿ ಹೋಗುತ್ತಿದ್ದ ಹಳೆ ಕಾರುಗಳ ನಡುವೆ, ಸೇತುವೆಯ ಏರಿನಲ್ಲಿ, ಡೊರತಿಯ ಕಾರು ಎಳೆಯಲಾರದೆ ನಿಂತಿತು. ಕೆಳಗಿನಿಂದ ಹೊಗೆ, ಹಿಂದೆಯೇ ಬೆಂಕಿ. ಸೋರಿದ ಎಣ್ಣೆ ಕಾದ ಸೈಲೆನ್ಸರ್ ಕೊಳವೆಯ ಮೇಲೆ ಬಿದ್ದು ಹೊತ್ತಿಕೊಂಡಿತ್ತು. ಸೆಮಿಸಿ ಜನರ ನಡುವಿನಿಂದ ಓಡಿಬಂದು, ಕಾದು ಸುಡುತ್ತಿದ್ದ ಬಾಗಿಲನ್ನು ಬರಿಗೈಯಲ್ಲಿ ಕಿತ್ತೆಳೆದು ಮುದುಕಿಯನ್ನು ಹೊರಗೆ ತಂದ. ಹೊರಗೆ ಬೀಳುವಾಗ ಅವಳ ಸೊಂಟದ ಮೂಳೆ ಮುರಿದಿತ್ತು, ಪಾದ ಬೆಂದಿತ್ತು. ಸೆಮಿಸಿಯ ಎರಡು ಅಂಗೈಗಳ ಚರ್ಮ ಎದ್ದು ಹೋಗಿತ್ತು.

ಅದೇ ಸಂಜೆ ಊರ ಸಭಾಂಗಣದಲ್ಲಿ ಸಂಘದ ಸಭೆ ಸೇರಿತು. ಕೈಗೆ ಬ್ಯಾಂಡೇಜ್ ಕಟ್ಟಿಕೊಂಡು ಬಂದ ಸೆಮಿಸಿಯನ್ನು ಮುಂದೆ ನಿಲ್ಲಿಸಿಕೊಂಡು, ಅವನ ಕೆಲಸದಿಂದಲೇ ಇದಾಯಿತು ಎಂದು ಊರೇ ಮಾತಾಡಿತು.

"ಕ್ಲೆಮ್, ನೀನು ಅಲ್ಲಿದ್ದೆಯಲ್ಲ," ಅಂದಳು ಐವಿ. "ಯಾರು ಏನಂದ್ರು, ಅವರ ಬಾಯಿಂದ ಬಂದ ಹಾಗೇ ಹೇಳು."

ಬಸ್ಸಿನ ಮಕ್ಕಳನ್ನು ನಗಿಸಲು ಊರಿನವರನ್ನೆಲ್ಲ ಅಣಕಿಸಿ ಅಭ್ಯಾಸವಿದ್ದ ಕ್ಲೆಮ್‌ಗೆ ಅದು ಕಷ್ಟವಾಗಲಿಲ್ಲ. ಸೀಲನ್ನು ಸೊಟ್ಟಗೆ ಕೂರಿಸಿದ್ದಾನೆ, ತೆಂಗಿನ ಮರ ಹತ್ತುವವನಿಗೆ ಗೇರ್‌ಬಾಕ್ಸ್ ಕೊಟ್ಟರೆ ಇನ್ನೇನಾಗುತ್ತದೆ ಎಂದು ರಸೆಲ್ ಟಾಂಕಿನ್ ಕೂಗಾಡಿದ್ದ. ಆಗ ಕೆಂಬ್ರಿ ಎದ್ದು ಸೆಮಿಸಿಯ ಹೆಗಲ ಮೇಲೆ ಕೈ ಹಾಕಿದ್ದ. ಕ್ಲೆಮ್ ಅವನ ತಗ್ಗಿದ ದನಿಯನ್ನೇ ತಂದುಕೊಂಡು ಹೇಳಿದ: "ಬೈಬೇಡ ರಸೆಲ್. ಯಾವ್ದೋ ಅಗ್ಗದ ಸೀಲ್ ಹಾಕಿರ್ತಾನೆ, ರಬ್ಬರು ಉಬ್ಬಿ ಮೆತ್ತಗಾಗಿಹೋಗಿರತ್ತೆ. ಗೊತ್ತಿಲ್ದೆ ಆದ ತಪ್ಪು. ನಾನಂತೂ ಕ್ಷಮಿಸಿದೀನಿ. ನೀವೂ ದೊಡ್ಡ ಮನಸ್ಸು ಮಾಡಿ."

ಸಭಾಂಗಣವೆಲ್ಲ ಚಪ್ಪಾಳೆ ತಟ್ಟಿತ್ತು. ಕೆಂಬ್ರಿಯಂಥವರು ಇರುವುದರಿಂದಲೇ ಊರು ಊರಾಗಿದೆ ಎಂದು ಪಾದ್ರಿಯೂ ಹೇಳಿದ್ದರು.

"ನನ್ನ ಗಂಡ ತಲೆ ಎತ್ತೋದನ್ನೇ ಬಿಟ್ಟಿದಾನೆ," ಅಂದಳು ಓಫಾ. "ಹಿಡಿದಿದ್ದ ಶೆಡ್ಡಿನ ಬೀಗದ ಕೈ ವಾಪಸ್ ಕೊಟ್ಟುಬಂದ. ಕೆಂಬ್ರಿಯವರು ದೇವರಂಥವರು, ಕೈ ಗುಣ ಆದ್ಮೇಲೆ ಅಲ್ಲೇ ಇದ್ದುಬಿಡ್ತೀನಿ ಅಂತಾನೆ. ನಾನು ಅವನ ಕೆಲಸ ನೋಡಿದೀನಿ ಅಮ್ಮಾ. ಅವನು ತಪ್ಪು ಮಾಡಿಲ್ಲ."

ಐವಿಯ ಮುಖ ಗಂಟಿಕ್ಕಿತು. ಆಕೆ ಸಿಟ್ಟಾದಾಗ ದನಿ ಏರುವುದಿಲ್ಲ, ಇನ್ನಷ್ಟು ಇಳಿಯುತ್ತದೆ ಎಂಬುದು ಕ್ಲೆಮ್‌ಗೆ ಗೊತ್ತಿತ್ತು.

"ಮುದುಕಿಯನ್ನ ಬೆಂಕಿಯಿಂದ ಎಳೆದೋನಿಗೆ ಕ್ಷಮೆ," ಅಂದಳು ಮೆಲ್ಲಗೆ. "ಇದು ಯಾವ ಸೀಮೆ ನ್ಯಾಯ? ಕ್ಲೆಮ್, ಗಾಡಿ ತೆಗಿ."

ಮೊದಲು ಹೋದದ್ದು ಆಸ್ಪತ್ರೆಗೆ. ಡೊರತಿ ದಿಂಬಿಗೊರಗಿ ಕುಳಿತು, ಕಾಲು ಬೆಂದದ್ದಕ್ಕಿಂತ ಕಾರು ಬೆಂದದ್ದಕ್ಕೇ ಹೆಚ್ಚು ಮರುಗುತ್ತಿದ್ದಳು. ಸೆಮಿಸಿ ಕೆಲಸ ಮುಗಿಸಿದ ದಿನ ಕಾರಿನ ಅಡಿಗೆ ಒಂದು ಬಿಳಿ ರಟ್ಟು ಹಾಸಿ, ಒಂದು ಹನಿ ಕಂಡರೂ ಕರೆಯಿರಿ ಎಂದಿದ್ದನಂತೆ. ಅವಳು ಪ್ರತಿ ದಿನ, ಹುಲ್ಲಂಗಳದಲ್ಲಿ ಚೆಂಡು ಉರುಳಿಸುವ ಬೌಲಿಂಗ್ ಆಟಕ್ಕೆ ಕಾರಿನಲ್ಲೇ ಹೋಗಿ ಬಂದು, ರಟ್ಟನ್ನು ಬಗ್ಗಿ ನೋಡುತ್ತಿದ್ದಳು. ವಾರಗಟ್ಟಲೆ ಅದು ಬೆಳ್ಳಗೇ ಇತ್ತು. ಮೆರವಣಿಗೆಗೆ ಹೋಗುವ ಕಾರುಗಳನ್ನೆಲ್ಲ ಸುರಕ್ಷತೆಯ ಪರೀಕ್ಷೆಗೆ ಕೆಂಬ್ರಿಯ ಗ್ಯಾರೇಜಿಗೆ ಒಯ್ದಾಗ ಇದೂ ಹೋಗಿ ಬಂತು. ಅದಾಗಿ ಕೆಲವು ದಿನಕ್ಕೆ ರಟ್ಟಿನ ಮೇಲೆ ಅಂಗಿಯ ಗುಂಡಿಯಷ್ಟಗಲದ ಕಲೆ ಕಂಡಿತು. ಹಬ್ಬ ಹತ್ತಿರವಾಗುವಷ್ಟರಲ್ಲಿ ಅದು ತಟ್ಟೆಯಷ್ಟಗಲವಾಗಿತ್ತು.

"ಮತ್ತೆ ಸೆಮಿಸಿಗೆ ಹೇಳ್ಲಿಲ್ವಾ?" ಎಂದು ಐವಿ ಕೇಳಿದಳು.

"ಗ್ಯಾರೇಜಿಗೆ ಫೋನ್ ಮಾಡಿದ್ನಲ್ಲ. ಹೊಸ ಸೀಲು ಕೂರೋಕೆ ಸ್ವಲ್ಪ ದಿನ ಬೇಕು, ಧೈರ್ಯವಾಗಿ ಓಡ್ಸಿ ಅಂದ್ರು."

ಕ್ಲೆಮ್ ಐವಿಯ ಕಡೆ ತಿರುಗಿದ. ಗ್ಯಾರೇಜಿನಲ್ಲಿದ್ದವನು ಸೆಮಿಸಿಯಲ್ಲವೇ? ಆದರೆ ಐವಿ ಆಗಲೇ ಎದ್ದು ನಿಂತಿದ್ದಳು.

ಡೊರತಿಯ ಶೆಡ್ಡಿನಲ್ಲಿ ಅವಳ ಮಗ ಗ್ಲೆನ್ ಕೂತಿದ್ದ. ದೂರದ ಗಣಿಯಲ್ಲಿ ಕೆಲಸ ಮಾಡುವವನು. ಹಬ್ಬದ ಹಿಂದಿನ ದಿನವಷ್ಟೇ ಊರಿಗೆ ಬಂದಿದ್ದ. ಐವಿ ಕೇಳುವ ಮೊದಲೇ, ಯಾರೋ ಹೇಳಿರುತ್ತಾರೆಂಬ ಭಯದಿಂದ ತಾನೇ ಬಾಯಿಬಿಟ್ಟ. ಅಮ್ಮ ಈ ವಯಸ್ಸಿನಲ್ಲಿ ಕಾರು ಓಡಿಸುವುದು ಅವನಿಗೆ ಇಷ್ಟವಿರಲಿಲ್ಲ. ಆ ಸಂಜೆ ಬ್ಯಾಟರಿಯ ತಂತಿ ಕಳಚಿಟ್ಟಿದ್ದ. ಅಮ್ಮ ಬೆಳಿಗ್ಗೆ ಅದನ್ನು ತಾನೇ ಸಿಕ್ಕಿಸಿಕೊಂಡು, ಅವನಿಗೆ ಎರಡು ಮಾತು ಬೈದು ಹೊರಟಿದ್ದಳು.

ಕಾರಿನ ಹೊಟ್ಟೆಯಡಿ ಬೆಂಕಿ ತಿಂದಿತ್ತು. ಒಳಗಿನ ನೆಲಹಾಸು ಕರಕಲಾಗಿತ್ತು. ಬಾನೆಟ್ಟಿನ ಒಳಗೆ ಮಾತ್ರ ಏನೂ ಆಗಿರಲಿಲ್ಲ, ಹೊಸದಾಗಿ ತೊಳೆದ ಪಾತ್ರೆಯಂತೆ ಇತ್ತು. ಐವಿ ಕನ್ನಡಕವನ್ನು ಹಣೆಗೇರಿಸಿ, ಮೂಗು ತಾಗುವಷ್ಟು ಹತ್ತಿರ ಬಗ್ಗಿ ಅಂಗುಲ ಅಂಗುಲವೂ ನೋಡಿದಳು. ಗೇರ್‌ಬಾಕ್ಸಿಗೆ ಎಣ್ಣೆ ಹೊಯ್ಯುವ ಕೊಳವೆಗೆ ಹತ್ತಿರ, ಮಡ್‌ಗಾರ್ಡಿನ ಒಳ ಅಂಚಿನಲ್ಲಿ ಕಾರಿನ ಹಸಿರು ಬಣ್ಣ ಸುಕ್ಕುಗಟ್ಟಿ ಎದ್ದಿತ್ತು. ಬಾಗಿದ ಒಂದು ಗೆರೆ, ಅದರಿಂದ ಕೆಳಗಿಳಿದ ಒಂದು ಕಣ್ಣೀರಿನಾಕಾರದ ಗುರುತು. ಅದರಡಿ ಬರಿ ತಗಡು ಕಾಣುತ್ತಿತ್ತು.

"ಇಂಜಿನ್ ಶಾಖಕ್ಕೆ ಎದ್ದಿರ್ಬೇಕು," ಅಂದ ಕ್ಲೆಮ್.

"ಶಾಖ ಕೆಳಮುಖವಾಗಿ ಹರಿಯೋದನ್ನ ನೀನು ನೋಡಿದೀಯಾ?" ಎಂದು ಐವಿ, ಕೇಕ್ ಬೇಯಿಸುವಾಗ ತಟ್ಟೆಗೆ ಹಾಸುವ ತೆಳು ಕಾಗದವನ್ನು ಚೀಲದಿಂದ ತೆಗೆದು ಆ ಬಾಗಿದ ಗೆರೆಯ ಮೇಲಿಟ್ಟು ಪೆನ್ಸಿಲಿನಿಂದ ಉಜ್ಜಿಕೊಂಡಳು.

ಅಷ್ಟರಲ್ಲಿ ರಸೆಲ್ ಟಾಂಕಿನ್ ಬಂದ. ಬೆಂಕಿಯಾದ ಕೆಲವು ದಿನಗಳ ಮೇಲೆ ಗೇರ್‌ಬಾಕ್ಸನ್ನು ಇಳಿಸಿದವನು ಅವನೇ. ತೆಗೆದ ಸೀಲು ಡಬ್ಬಿಯೊಂದರಲ್ಲಿತ್ತು. ಅದನ್ನು ಐವಿಯ ಕೈಗಿಟ್ಟ. ಹಾಲಿನಲ್ಲಿ ನೆನೆದ ಬ್ರೆಡ್ಡಿನಂತೆ ಉಬ್ಬಿ, ಹಿಚುಕಿದರೆ ಬೆರಳಿಗೆ ಕಪ್ಪು ಹತ್ತುವಂತಿತ್ತು.

"ಸೊಟ್ಟಗೆ ಕೂರಿಸಿದಾನೆ ಅಂತ ನಾನಂದಿದ್ದೆ, ಅದು ತಪ್ಪು," ಅಂದ ರಸೆಲ್ ಬಿಗುಮಾನದಿಂದಲೇ. "ನೆಟ್ಟಗೇ ಕೂರಿಸಿದಾನೆ. ಆದ್ರೆ ರಬ್ಬರು ಕಳಪೆ. ವಾರ್ವಿಕ್ ಕೆಂಬ್ರಿ ಹೇಳಿದ್ದೇ ಸರಿ ಆಯ್ತು ನೋಡಿ. ಆ ಮನುಷ್ಯನ ಅಂದಾಜು ತಪ್ಪಲ್ಲ."

ಐವಿ ಅವನ ಮುಖವನ್ನೇ ನೋಡಿದಳು. "ಹಬ್ಬದ ದಿನ ನೀವು ಈ ಕಾರು ಮುಟ್ಟಿದ್ರಾ?"

ಮುಟ್ಟಿದ್ದೆ ಎಂದ ರಸೆಲ್. ಹೊರಡುವ ಮೊದಲು ಎಲ್ಲ ಕಾರುಗಳ ಎಣ್ಣೆಯನ್ನೂ ಕಡ್ಡಿ ಹಾಕಿ ನೋಡುವುದು ಅವನ ಕೆಲಸ. ಡೊರತಿಯದರಲ್ಲಿ ತುಸು ಕಡಿಮೆಯಿತ್ತು, ಅದುವರೆಗೆ ತೆರೆಯದ ಹೊಸ ಡಬ್ಬಿಯಿಂದ ಹೊಯ್ದಿದ್ದ. ಅದಕ್ಕೂ ಹಿಂದೆ ಆ ಕಾರಿನ ಬಾನೆಟ್ ಎತ್ತಿದವನೇ ಅಲ್ಲ. ತಾನು ಆಗದು ಎಂದ ಕೆಲಸವನ್ನು ಇನ್ನೊಬ್ಬ ಮಾಡಿಬಿಟ್ಟ ಮೇಲೆ ಅತ್ತ ತಲೆಹಾಕುವ ಮನಸ್ಸಾಗಿರಲಿಲ್ಲ. ಇದನ್ನು ಹೇಳುವಾಗ ಅವನ ಕಿವಿ ಕೆಂಪಾಯಿತು.

ಸೆಮಿಸಿಯ ಮನೆಯಲ್ಲಿ ಸಿಕ್ಕಿದ್ದು ಎರಡೇ ಸಂಗತಿ. ಒಂದು, ಡೊರತಿ ಫೋನ್ ಮಾಡಿದ್ದೇ ಅವನಿಗೆ ಗೊತ್ತಿರಲಿಲ್ಲ. ಕೇಳಿದ್ದೇ ಬ್ಯಾಂಡೇಜ್ ಕಟ್ಟಿದ ಕೈಯನ್ನು ತಲೆಯ ಮೇಲಿಟ್ಟುಕೊಂಡ. ಗೊತ್ತಾಗಿದ್ದರೆ ಅವಳನ್ನು ಆ ಕಾರಿನಲ್ಲಿ ಕೂರಲು ಬಿಡುತ್ತಿದ್ದೆನೇ ಎಂದ. ಇನ್ನೊಂದು, ಅವನು ತಂದ ಸೀಲಿನ ಪೊಟ್ಟಣದಲ್ಲಿ ಎರಡು ಉಳಿದಿದ್ದವು. ಐವಿ ಅವನ್ನು ಕೇಳಿ ತೆಗೆದುಕೊಂಡಳು.

"ಕೆಂಬ್ರಿಯವರ ಮನಸ್ಸು ನೋಯೋ ಹಾಗೆ ಏನೂ ಮಾಡ್ಬೇಡಿ," ಎಂದು ಸೆಮಿಸಿ ಬಾಗಿಲವರೆಗೂ ಬಂದು ಬೇಡಿಕೊಂಡ. "ಅವರ ಋಣ ದೊಡ್ದು."

ಕೆಂಬ್ರಿ ಅವರನ್ನು ತನ್ನ ಕಚೇರಿಯಲ್ಲಿ ಬಹಳ ಆದರದಿಂದ ಕೂರಿಸಿದ. ಇಸ್ತ್ರಿ ಮಾಡಿದ ಬಿಳಿ ಅಂಗಿ, ಶುಭ್ರವಾದ ಉಗುರು. ಸ್ಪ್ಯಾನರ್ ಹಿಡಿದು ಯಾವ ಕಾಲವಾಯಿತೋ ಎಂದು ತಾನೇ ನಕ್ಕ. ಗೋಡೆಯ ಮೇಲೆ ಅವನ ಯೌವನದ ಚಿತ್ರವಿತ್ತು. ಬಣ್ಣದ ಬಾವುಟಗಳ ಕೆಳಗೆ, ಮಾರಾಟಕ್ಕಿಟ್ಟ ಹಳೆ ಕಾರುಗಳ ಸಾಲಿನ ಮುಂದೆ ಎದೆಯುಬ್ಬಿಸಿ ನಿಂತಿದ್ದ. ಮೇಜಿನ ಮೇಲೆ ಇನ್ನೊಂದು ಚಿತ್ರ, ಸೆಮಿಸಿಯ ಸಂಸಾರ ವಿಮಾನದಿಂದ ಇಳಿದ ದಿನದ್ದು. ಎಲ್ಲರ ಕೊರಳಲ್ಲೂ ಹೂವು, ನಡುವೆ ಕೆಂಬ್ರಿ.

ಪರೀಕ್ಷೆಯ ದಿನದ ಬಗ್ಗೆ ಐವಿ ಕೇಳಿದ್ದಕ್ಕೆ ಅವನು ಒಂದನ್ನೂ ಮುಚ್ಚಿಡಲಿಲ್ಲ. ಅಂದು ಊರ ಫುಟ್‌ಬಾಲ್ ಪಂದ್ಯವಿದ್ದುದರಿಂದ ಕೆಲಸದವರನ್ನೆಲ್ಲ ಬೇಗ ಕಳಿಸಿಬಿಟ್ಟಿದ್ದ. ಡೊರತಿಯ ಕಾರನ್ನು, ಪಾಪ ವಯಸ್ಸಾದವಳು ಎಂದು, ತಾನೇ ಓಡಿಸಿಕೊಂಡು ಹೋಗಿ ಬಿಟ್ಟು ಬಂದಿದ್ದ.

"ಎಂಥ ಪುಣ್ಯಾತ್ಮರು ನೀವು," ಅಂದಳು ಐವಿ. ಅವನು ಚಹಾ ತರಲು ಒಳಗೆ ಹೋದ. ಆಕೆ ಮೇಜಿನ ಮೇಲಿನ ಚಿತ್ರವನ್ನು ಹತ್ತಿರದಿಂದ ನೋಡಲು ಕೈಗೆತ್ತಿಕೊಂಡಳು. ಚೌಕಟ್ಟಿನ ಅಡಿಯಲ್ಲಿ ಮೇಜಿನ ಹೊಳಪು ಕಿತ್ತುಹೋಗಿ ದುಂಡನೆಯ ಗುರುತೊಂದು ಎದ್ದಿತ್ತು. ಕಾಫಿ ಬಟ್ಟಲಿನದು ಎಂದುಕೊಂಡ ಕ್ಲೆಮ್. ಐವಿ ಮತ್ತೆ ಆ ತೆಳು ಕಾಗದ ತೆಗೆದು ಗುರುತನ್ನು ಉಜ್ಜಿಕೊಂಡಳು.

ಮುಂದಿನ ದಿನಗಳಲ್ಲಿ ಆಕೆಯ ಅಡುಗೆಮನೆಯ ಬಿಸಿನೀರಿನ ಹಂಡೆಯ ಮೇಲೆ ಎರಡು ಜಾಮ್ ಶೀಶೆಗಳು ಕುಳಿತವು. ಎರಡರಲ್ಲೂ ಕೆಂಪು ಎಣ್ಣೆ, ಎರಡರಲ್ಲೂ ಒಂದೊಂದು ಸೀಲು. ಒಂದಕ್ಕೆ ಮಾತ್ರ ಆಕೆ ಇನ್ನೇನನ್ನೋ ಬೆರೆಸಿದ್ದಳು. ಮೊದಲ ದಿನ ಎರಡೂ ಒಂದೇ ಥರ ಕಂಡವು. ಕ್ಲೆಮ್ ದಿನಾ ಬಗ್ಗಿ ನೋಡುತ್ತಿದ್ದ, ದಿನಾ ಕೇಳುತ್ತಿದ್ದ. ಸಂಘದ ಸಭೆ ಬರಲಿ ಎಂದಷ್ಟೇ ಉತ್ತರ.

ಆ ಸಭೆಗೆ ಸಭಾಂಗಣ ತುಂಬಿತ್ತು. ಸಂಘದ ಸದಸ್ಯರ ಕಾರುಗಳನ್ನು ಇನ್ನು ಮುಂದೆ ಒಪ್ಪಿತರಾದವರು ಮಾತ್ರ ಮುಟ್ಟಬೇಕು ಎಂಬ ನಿರ್ಣಯವಿತ್ತು. ಸೆಮಿಸಿ ತನ್ನ ಹೊಣೆಯಲ್ಲಿ, ತನ್ನ ಕಣ್ಣ ಕೆಳಗೇ ಕೆಲಸ ಮಾಡುತ್ತಾನೆ ಎಂದು ಕೆಂಬ್ರಿ ಭರವಸೆ ಕೊಡುವವನಿದ್ದ. ಸೆಮಿಸಿ ಓಫಾಳ ಪಕ್ಕ ನೆಲ ನೋಡುತ್ತ ಕೂತಿದ್ದ. ಡೊರತಿಯನ್ನು ಗ್ಲೆನ್ ಗಾಲಿಕುರ್ಚಿಯಲ್ಲಿ ತಳ್ಳಿಕೊಂಡು ಬಂದಿದ್ದ. ಹಿಂದಿನ ಗೋಡೆಗೆ ಊರಿನ ಪೊಲೀಸ್ ಸಾರ್ಜೆಂಟ್ ಒರಗಿ ನಿಂತಿದ್ದ.

ಕೆಂಬ್ರಿ ಏಳುವ ಮೊದಲೇ ಐವಿ ಎದ್ದಳು. ಚೀಲದಿಂದ ಎರಡು ಶೀಶೆ ತೆಗೆದು ಮೇಜಿನ ಮೇಲಿಟ್ಟು, ಚಮಚದಿಂದ ಎರಡೂ ಸೀಲುಗಳನ್ನು ಎತ್ತಿ ರಸೆಲ್‌ನ ಮುಂದಿಟ್ಟಳು.

"ಎರಡೂ ಒಂದೇ ಪೊಟ್ಟಣದ್ದು. ಡೊರತಿಯ ಕಾರಿಗೆ ಹಾಕಿದ್ದೂ ಅದೇ ಪೊಟ್ಟಣದ್ದು. ಮುಟ್ಟಿ ನೋಡಿ."

ರಸೆಲ್ ಮುಟ್ಟಿದ. ಒಂದು ಗಟ್ಟಿಯಾಗಿ, ಹೊಸದರಂತೆಯೇ ಇತ್ತು. ಇನ್ನೊಂದು ಉಬ್ಬಿ, ಬೆರಳಿಗೆ ಕಪ್ಪು ಹತ್ತಿಸಿತು. ಅವನು ಆ ಶೀಶೆಯನ್ನು ಎತ್ತಿ ಮೂಸಿದ. ಅವನ ಮುಖದಲ್ಲಿ ಮೊದಲು ಗೊಂದಲ, ಆಮೇಲೆ ಅಸಹ್ಯ ಕಾಣಿಸಿತು.

"ಬ್ರೇಕ್ ಆಯಿಲ್," ಅಂದ. "ಗೇರ್‌ಬಾಕ್ಸಿಗೆ ಯಾರೋ ಬ್ರೇಕ್ ಆಯಿಲ್ ಹೊಯ್ದಿದಾರೆ."

"ಯಾರು ಹಾಗೆ ಮಾಡ್ತಾರೆ, ಹೇಳಿ."

"ಹಳೆ ಕಾರು ಮಾರೋ ಕಳ್ಳರು ಮಾಡ್ತಿದ್ರು. ಒಂದಿಷ್ಟು ಹೊಯ್ದ್ರೆ ಒಣಗಿದ ರಬ್ಬರು ಊದಿಕೊಳ್ಳತ್ತೆ, ಸೋರೋದು ನಿಲ್ಲತ್ತೆ. ಕಾರು ಮಾರಿ ಕೈ ತೊಳ್ಕೊಳ್ಳೋ ತನಕ ಸಾಕು. ಆಮೇಲೆ ರಬ್ಬರು ಕೊಳೆತುಹೋಗಿ ಇದ್ದಬದ್ದದ್ದೆಲ್ಲ ಸುರಿಯತ್ತೆ. ಕಾರು ಅನ್ನೋದರ ಮೇಲೆ ಪ್ರೀತಿ ಇರೋನು ಮಾಡೋ ಕೆಲಸ ಅಲ್ಲ."

ಐವಿ ತಲೆಯಾಡಿಸಿ, ಒಂದೊಂದಾಗಿ ಬಿಡಿಸಿ ಹೇಳುತ್ತ ಹೋದಳು. ಕೆಂಪು ಎಣ್ಣೆ ಬಣ್ಣವನ್ನು ತಿನ್ನುವುದಿಲ್ಲ, ಬ್ರೇಕ್ ಆಯಿಲ್ ತಿನ್ನುತ್ತದೆ. ಕಾರಿನ ಮಡ್‌ಗಾರ್ಡಿನ ಅಂಚಿನಲ್ಲಿ ಬಣ್ಣ ಎದ್ದದ್ದನ್ನು ನೋಡಿದಾಗಲೇ ಆಕೆಗೆ ಅನುಮಾನ ಹುಟ್ಟಿತ್ತು. ಬ್ರೇಕ್ ಆಯಿಲಿನ ಡಬ್ಬಿಯನ್ನು ಆ ಅಂಚಿನ ಮೇಲಿಟ್ಟು ಕೊಳವೆಗೆ ಆಲಿಕೆ ಸಿಕ್ಕಿಸಿದ್ದರು, ಡಬ್ಬಿಯ ತಳಕ್ಕಿಳಿದ ಹನಿಯೇ ಆ ಬಾಗಿದ ಗೆರೆಯಾಗಿತ್ತು. ಇನ್ನು ಉಳಿದದ್ದು ಯಾವಾಗ, ಯಾರು ಎಂಬುದು. ಸೀಲು ಒಂದು ದಿನದಲ್ಲಿ ಮೆತ್ತಗಾಗುವುದಿಲ್ಲ ಎಂದು ಆಕೆಯ ಹಂಡೆಯ ಮೇಲಿನ ಶೀಶೆ ತೋರಿಸಿತ್ತು. ರಸೆಲ್ ಎಣ್ಣೆ ಹೊಯ್ದದ್ದು ಹಬ್ಬದ ಬೆಳಿಗ್ಗೆ. ಗ್ಲೆನ್ ಊರಿಗೆ ಬಂದದ್ದು ಅದರ ಹಿಂದಿನ ದಿನ. ಅಷ್ಟರಲ್ಲಾಗಲೇ ಡೊರತಿಯ ರಟ್ಟು ಕೆಂಪಾಗಿತ್ತು. ಸೆಮಿಸಿಯೇ ಹೊಯ್ದಿದ್ದರೆ ವಾರಗಟ್ಟಲೆ ರಟ್ಟು ಬೆಳ್ಳಗಿರುತ್ತಿರಲಿಲ್ಲ. ಆ ಬಿಳಿ ರಟ್ಟಿಗೂ ಮೊದಲ ಕಲೆಗೂ ನಡುವೆ ಕಾರು ಪರರ ಕೈಗೆ ಹೋಗಿ ಬಂದ ಜಾಗ ಒಂದೇ.

ಜನರ ಕಣ್ಣು ಕೆಂಬ್ರಿಯ ಕಡೆ ಹೊರಳಿತು. ಅವನು ಸಮಾಧಾನದಿಂದಲೇ ನಕ್ಕ.

"ನನ್ನ ಗ್ಯಾರೇಜಿನಲ್ಲಿ ಹತ್ತಾರು ಜನ ಓಡಾಡ್ತಾರೆ ಐವಿ."

"ಅವತ್ತು ಇರ್ಲಿಲ್ಲ. ಪಂದ್ಯಕ್ಕೆ ಅಂತ ಎಲ್ಲರನ್ನೂ ಕಳಿಸಿದ್ರಿ. ನೀವೇ ಹೇಳಿದ್ದು." ಐವಿ ಎರಡು ತೆಳು ಕಾಗದಗಳನ್ನು ತೆಗೆದು, ಒಂದರ ಮೇಲೊಂದಿಟ್ಟು ದೀಪಕ್ಕೆ ಹಿಡಿದಳು. ಮಡ್‌ಗಾರ್ಡಿನ ಬಾಗಿದ ಗೆರೆ ಮೇಜಿನ ದುಂಡು ಗುರುತಿನ ಮೇಲೆ ಒಂದಿಷ್ಟೂ ಹೆಚ್ಚುಕಮ್ಮಿಯಿಲ್ಲದೆ ಕೂತಿತು. "ಡಬ್ಬಿ ನಿಮ್ಮ ಕಚೇರಿಯ ಮೇಜಿನ ಮೇಲೂ ಕೂತಿತ್ತು. ಸ್ಪ್ಯಾನರ್ ಮುಟ್ಟದ ನಿಮಗೆ ಕಚೇರಿಯಲ್ಲಿ ಬ್ರೇಕ್ ಆಯಿಲ್ ಯಾಕೆ ಬೇಕಿತ್ತು?"

"ಅಂಥ ಡಬ್ಬಿ ಊರ ತುಂಬ ಇದೆ."

"ಇದೆ. ಇಷ್ಟೇ ಆಗಿದ್ರೆ ನಾನು ಎದ್ದು ನಿಲ್ತಿರ್ಲಿಲ್ಲ." ಆಕೆ ಸಭೆಯ ಕಡೆ ತಿರುಗಿದಳು. "ಬೆಂಕಿ ಬಿದ್ದ ಸಂಜೆ ಇದೇ ಸಭಾಂಗಣದಲ್ಲಿ ಇವರು ಏನಂದ್ರು, ನೆನಪಿದೆಯಾ? ರಬ್ಬರು ಉಬ್ಬಿ ಮೆತ್ತಗಾಗಿರತ್ತೆ ಅಂದ್ರು. ಗೇರ್‌ಬಾಕ್ಸ್ ಅವತ್ತು ಕಾರಿನಲ್ಲೇ ಇತ್ತು. ಸೀಲನ್ನ ಯಾರೂ ಕಣ್ಣಲ್ಲಿ ನೋಡಿರ್ಲಿಲ್ಲ. ರಸೆಲ್ ಸೊಟ್ಟಗೆ ಕೂರಿಸಿದಾನೆ ಅಂದ, ಅದು ಯಾರಾದ್ರೂ ಮಾಡೋ ಊಹೆ. ಹೊಸ ಸೀಲು ಉಬ್ಬಿ ಮೆತ್ತಗಾಗತ್ತೆ ಅಂತ ಊಹೆ ಮಾಡೋಕೆ ಅದಕ್ಕೇನು ಕುಡಿಸಿದಾರೆ ಅನ್ನೋದು ಗೊತ್ತಿರ್ಬೇಕು."

ಆ ಮಾತನ್ನು ಕ್ಲೆಮ್ ತಾನೇ, ಅದೇ ದನಿಯಲ್ಲಿ, ಜಗಲಿಯಲ್ಲಿ ಕೂತು ಆಡಿ ತೋರಿಸಿದ್ದ. ಅದರೊಳಗೇನಿದೆ ಎಂದು ಮಾತ್ರ ಕೇಳಿಸಿಕೊಂಡಿರಲಿಲ್ಲ.

"ಡೊರತಿ," ಅಂದಳು ಐವಿ, "ಎಣ್ಣೆ ಕಂಡಾಗ ನೀನು ಗ್ಯಾರೇಜಿಗೆ ಫೋನ್ ಮಾಡ್ದೆಯಲ್ಲ, ಮಾತಾಡಿದ್ದು ಯಾರು?"

"ವಾರ್ವಿಕ್," ಅಂದಳು ಮುದುಕಿ. ಅಂದ ಮೇಲೆ ಆ ಹೆಸರಿನ ಅರ್ಥ ತಿಳಿದು ಅವಳು ಕೆಂಬ್ರಿಯತ್ತ ತಿರುಗಿದಳು. "ಸೆಮಿಸಿಗೆ ಯಾಕೆ ತೊಂದರೆ ಕೊಡ್ತೀಯ, ಧೈರ್ಯವಾಗಿ ಓಡ್ಸು ಅಂದೆ ನೀನು. ನಾನು ನಿನ್ನ ಮದುವೆಗೆ ಕೇಕ್ ಮಾಡಿಕೊಟ್ಟೋಳು ಕಣೋ."

ಕೆಂಬ್ರಿಯ ನಗು ಹೋಗಿತ್ತು. ಬೆಂಕಿ ಬೀಳುತ್ತದೆ ಎಂದು ತಾನು ಕನಸಿನಲ್ಲೂ ಎಣಿಸಿರಲಿಲ್ಲ ಎಂದು ತೊದಲಿದ. ಒಂದಿಷ್ಟು ಸೋರುತ್ತದೆ, ಕೆಲಸಕ್ಕೆ ಕೆಟ್ಟ ಹೆಸರು ಬರುತ್ತದೆ, ಅಷ್ಟೇ ಬೇಕಿತ್ತು. ಮಾತು ಮುಂದುವರಿದಂತೆ ಅವನ ದನಿಯಲ್ಲಿ ಪಶ್ಚಾತ್ತಾಪಕ್ಕಿಂತ ಹೆಚ್ಚಾಗಿ ಅನ್ಯಾಯವಾದವನ ಅಳಲು ಕೇಳಿಸತೊಡಗಿತು.

"ಅವನನ್ನ ಇಲ್ಲಿಗೆ ತಂದಿದ್ದು ಯಾರು? ಮನೆ ಕೊಡಿಸಿದ್ದು ಯಾರು? ನನ್ನ ಹತ್ರ ಕೆಲಸ ಮಾಡ್ಕೊಂಡು ನೆಮ್ಮದಿಯಾಗಿದ್ದ. ಒಂದು ಗೇರ್‌ಬಾಕ್ಸ್ ಸರಿಮಾಡಿದ್ದೇ, ಬಿಟ್ಟು ಹೋಗ್ತೀನಿ ಅಂತ ಬಂದು ನಿಂತ. ಜೀವನ ಪೂರ್ತಿ ನಾನು ನೋಡ್ಕೊಳ್ತಿದ್ದೆ ಅವನನ್ನ. ಈಗ್ಲೂ ನೋಡ್ಕೊಳ್ತೀನಿ."

"ಸೆಮಿಸಿಯ ಮೇಲೆ ಯಾರಿಗೆ ದ್ವೇಷ ಅಂತ ಎಲ್ಲರೂ ಯೋಚಿಸ್ತಿದ್ರು," ಅಂದಳು ಐವಿ, ಕೆಂಬ್ರಿಯ ಕಡೆ ನೋಡದೆ. "ಅವನು ತಲೆ ತಗ್ಗಿಸಿದ್ರೆ ಯಾರಿಗೆ ಅನುಕೂಲ ಅಂತ ನಾನು ಯೋಚಿಸ್ದೆ."

ಸೆಮಿಸಿ ಎದ್ದು ನಿಂತಿದ್ದ. ದೊಡ್ಡ ಆಳು, ಇಷ್ಟು ದಿನ ಕುಗ್ಗಿಕೊಂಡಿದ್ದುದರಿಂದ ಅವನೆಷ್ಟು ಎತ್ತರ ಎಂಬುದೇ ಊರಿಗೆ ಮರೆತಂತಿತ್ತು. ಬ್ಯಾಂಡೇಜಿನ ಕೈಗಳನ್ನು ಎದೆಯ ಮೇಲೆ ಹಿಡಿದು ನಿಧಾನವಾಗಿ ನಡೆದು ಕೆಂಬ್ರಿಯ ಮುಂದೆ ನಿಂತ. ಸಾರ್ಜೆಂಟ್ ಗೋಡೆ ಬಿಟ್ಟು ಒಂದು ಹೆಜ್ಜೆ ಮುಂದೆ ಬಂದ. ಅದರ ಅಗತ್ಯವಿರಲಿಲ್ಲ.

"ನೀವು ನನ್ನನ್ನ ಕ್ಷಮಿಸಿದ್ರಿ," ಅಂದ ಸೆಮಿಸಿ. "ನಾನು ಅದನ್ನ ಮನೆಗೆ ತಗೊಂಡು ಹೋಗಿ, ನನ್ನ ಹೆಂಡತಿ ಎದುರು ಇಟ್ಟು, ದೇವರಿಗೆ ಕೈಮುಗಿದೆ. ಅದು ನನ್ನದಲ್ಲ. ವಾಪಸ್ ತಗೊಳ್ಳಿ."

ಕೆಂಬ್ರಿ ಏನೋ ಹೇಳಲು ಬಾಯಿ ತೆರೆದ. ಸೆಮಿಸಿ ಕೇಳಲು ನಿಲ್ಲಲಿಲ್ಲ. ಅವನೂ ಓಫಾಳೂ ಸಭಾಂಗಣದ ನಡುವಿನ ದಾರಿಯಲ್ಲಿ ಹೊರಟಾಗ ಯಾರೋ ಹಿಂದಿನ ಸಾಲಿನಲ್ಲಿ ಚಪ್ಪಾಳೆ ತಟ್ಟಲು ಶುರುಮಾಡಿದರು, ನಾಲ್ಕು ಜನ ಸೇರಿಕೊಂಡರು. ಓಫಾ ತಿರುಗಿ ನೋಡಿದಳು. ಬರೀ ನೋಡಿದಳು. ಚಪ್ಪಾಳೆ ಅಲ್ಲೇ ಸತ್ತಿತು.

ಮನೆಗೆ ಮರಳುವ ದಾರಿಯಲ್ಲಿ ಕ್ಲೆಮ್‌ಗೆ ಸಿಟ್ಟು ತಡೆಯಲಾಗಲಿಲ್ಲ. ಕೆಂಬ್ರಿಯನ್ನು ಬೈದ, ಪಾದ್ರಿಯನ್ನು ಬೈದ, ರಸೆಲ್‌ನನ್ನು ಬೈದ. ಐವಿ ಕಿಟಕಿಯ ಗಾಜು ಇಳಿಸಿಕೊಂಡಳು.

"ಕೆಂಬ್ರಿಗೆ ಕಾನೂನು ಇದೆ ಕ್ಲೆಮ್," ಅಂದಳು. "ರಟ್ಟು ಬೆಳ್ಳಗಿತ್ತಾ ಅಂತ ಮುದುಕಿಯನ್ನ ಒಂದು ಮಾತು ಕೇಳಿದ್ರೆ ಸಾಕಿತ್ತು. ಊರಿನಲ್ಲಿ ಒಬ್ಬನೂ ಕೇಳ್ಲಿಲ್ಲ. ಅದಕ್ಕೆ ಯಾವ ಕಾನೂನೂ ಇಲ್ಲ."

ಕೆಂಬ್ರಿಯ ಮೇಲೆ ಮೊಕದ್ದಮೆ ನಡೆದು ಶಿಕ್ಷೆಯಾಯಿತು, ಗ್ಯಾರೇಜ್ ಬೇರೆಯವರ ಕೈಗೆ ಹೋಯಿತು. ಸಂಘದವರು ಸೆಮಿಸಿಯ ಮನೆಗೆ ಗುಂಪಾಗಿ ಹೋಗಿ, ಕಿತ್ತಳೆ ಶೆಡ್ಡನ್ನು ತಾವೇ ಸುಣ್ಣ ಬಳಿದು ಕೊಡುತ್ತೇವೆ, ಇಲ್ಲೇ ಇರು ಎಂದರು. ಅವನು ಎಲ್ಲರಿಗೂ ಚಹಾ ಕೊಟ್ಟು, ವಿನಯದಿಂದಲೇ, ಆಗುವುದಿಲ್ಲ ಎಂದ. ಕೈ ಗುಣವಾದ ಮೇಲೆ ನದಿಯಾಚೆಯ ಊರಿನಲ್ಲಿ ಗ್ಯಾರೇಜ್ ತೆರೆದ. ಅಲ್ಲಿ ಮೊದಲು ಕೈಹಾಕಿದ್ದು ಡೊರತಿಯ ಫಾಲ್ಕನ್‌ಗೆ. ಯರಂಬಾದಲ್ಲಿ ಆಮೇಲೆ ಅಂಥ ಕೆಲಸ ಬಲ್ಲವರು ಬರಲಿಲ್ಲ. ಊರಿನವರು ತಮ್ಮ ಹಳೆ ಕಾರುಗಳನ್ನು ಲಾರಿಯ ಮೇಲೇರಿಸಿಕೊಂಡು ಸೇತುವೆ ದಾಟಬೇಕಾಯಿತು. ರಸೆಲ್ ಟಾಂಕಿನ್ ಕೂಡ ಒಂದು ದಿನ ಟೋಪಿ ಕೈಯಲ್ಲಿ ಹಿಡಿದು ಹೋಗಿ ನಿಂತ. ಸೆಮಿಸಿ ಅವನನ್ನು ಬೈಯಲೂ ಇಲ್ಲ, ಬೇಗ ಮಾಡಿಕೊಡಲೂ ಇಲ್ಲ. ಮೊದಲು ಬಂದವರ ಕೆಲಸ ಮುಗಿಯಲಿ ಎಂದು ಬೆಂಚು ತೋರಿಸಿದ. ರಸೆಲ್ ಕೂತು ಕಾದ.